ಇದ್ದಿಲು ಬೆರೆಸಿದ ತಿನಿಸು ಬಾಯಿಗಿಡುವ ಮೊದಲು ನೋಡಬೇಕಾದದ್ದು, ಕೇಳಬೇಕಾದದ್ದು

ಹೋದ ಬೇಸಿಗೆಯ ಒಂದು ಸಂಜೆ ಹುಬ್ಬಳ್ಳಿಯ ನಮ್ಮ ಔಷಧ ಅಂಗಡಿಗೆ ಒಬ್ಬ ತರುಣಿ ಬಂದಳು. ಒಂದು ಕೈಯಲ್ಲಿ ತಾಯಿಯ ಫಿಟ್ಸ್ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಚೀಟಿಯಿತ್ತು, ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು. ಚೀಟಿಯಲ್ಲಿದ್ದ ಕಾರ್ಬಮಜಪೀನ್ ಮಾತ್ರೆಗಳನ್ನು ನಾನು ಎಣಿಸಿ ಕೊಡುತ್ತಿದ್ದಾಗ ಆಕೆ ಮೊಬೈಲನ್ನು ನನ್ನತ್ತ ತಿರುಗಿಸಿ, “ಅಣ್ಣಾರ, ಈ ಇದ್ದಲಿ ಕ್ಯಾಪ್ಸೂಲ್ ನಿಮ್ಮಲ್ಲಿ ಅದಾವನ್ರಿ? ಹೊಟ್ಟ್ಯಾಗಿನ ವಿಷ ಎಲ್ಲಾ ತಗೀತಾವಂತ. ಅವ್ವಗ ದಿನಾ ಒಂದೊಂದು ಕೊಡಬೇಕಂತ ಮಾಡೇನ್ರಿ” ಎಂದಳು. ತಾಯಿಯ ಮೇಲಿನ ಪ್ರೀತಿಯಿಂದಲೇ ಆಕೆ ಹಾಗೆ ಕೇಳಿದ್ದಳು. ಆದರೆ ಆ ಎರಡೂ ಒಂದೇ ಹೊಟ್ಟೆಗೆ ಹೋದರೆ, ಕ್ಯಾಪ್ಸೂಲಿನ ಇದ್ದಿಲು ಫಿಟ್ಸ್ ತಡೆಯುವ ಆ ಮಾತ್ರೆಯನ್ನೇ ಹಿಡಿದುಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ ಎಂಬುದು ಆಕೆಗೆ ತಿಳಿದಿರಲಿಲ್ಲ.

ಬೇರೆ ಗಿರಾಕಿಗಳು ಕಾಯುತ್ತಿದ್ದುದರಿಂದ ಅಂದು ಆಕೆಗೆ ಹೇಳಲು ಸಾಧ್ಯವಾದದ್ದು ಸ್ವಲ್ಪವೇ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಪ್ಪು ಐಸ್‌ಕ್ರೀಮು, ಕಪ್ಪು ಬರ್ಗರು, ಕಪ್ಪು ಲಿಂಬೆ ಪಾನಕ, ಕಪ್ಪು ಟೂತ್‌ಪೇಸ್ಟು, ದೇಹವನ್ನು ಶುದ್ಧಿ ಮಾಡುತ್ತದೆ ಎಂಬ ಭರವಸೆ ಹೊತ್ತ ಕ್ಯಾಪ್ಸೂಲು, ಇವು ಒಂದೊಂದಾಗಿ ನಮ್ಮ ಕಡೆಗೂ ಬರುತ್ತಿವೆ. ಇವುಗಳಲ್ಲಿ ಯಾವುದನ್ನು ತಿಂದರೆ ಚಿಂತೆಯಿಲ್ಲ, ಯಾವುದನ್ನು ಯಾರು ಮುಟ್ಟಲೇಬಾರದು, ತಿಂದಾಗಿದ್ದರೆ ಮುಂದೇನು ಮಾಡಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಿಕೊಳ್ಳಲು ಬೇಕಾದಷ್ಟು ತಿಳಿವಳಿಕೆಯನ್ನು ಕೊಡುವುದು ನನ್ನ ಉದ್ದೇಶ.

ಮೊದಲು ವಸ್ತುವನ್ನು ಗುರುತಿಸಿಕೊಳ್ಳಿ

ಒಲೆಯಲ್ಲಿ ಉಳಿಯುವ ಇದ್ದಿಲು, ಬೂದಿ, ಪಾತ್ರೆಯ ತಳಕ್ಕೆ ಹತ್ತುವ ಮಸಿ ಮತ್ತು ಔಷಧವಾಗಿ ಬಳಸುವ ಇದ್ದಿಲು, ಈ ನಾಲ್ಕನ್ನೂ ಮಾತಿನಲ್ಲಿ ನಾವು ಬೆರೆಸಿಬಿಡುತ್ತೇವೆ. ಕೊನೆಯದನ್ನು ಸಕ್ರಿಯ ಇದ್ದಿಲು ಅಥವಾ ಆಕ್ಟಿವೇಟೆಡ್ ಚಾರ್ಕೋಲ್ ಎನ್ನುತ್ತಾರೆ. ತೆಂಗಿನ ಚಿಪ್ಪು, ಕಟ್ಟಿಗೆ ಮುಂತಾದವುಗಳನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಆಮೇಲೆ ಅದನ್ನು ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹಬೆಗೆ ಒಡ್ಡಿದಾಗ ಅದರ ಒಳಮೈ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಆ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಒಂದೇ ಒಂದು ಗ್ರಾಂ ಪುಡಿಯ ಹರವು ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್ ಆಗುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ ಹೇಳಿದರೆ ಐದರಿಂದ ಹದಿನೈದು ಗುಂಟೆ. ಇಷ್ಟು ವಿಸ್ತಾರವಾದ ಮೈಗೆ ಹತ್ತಿರ ಸುಳಿದ ಅನೇಕ ರಾಸಾಯನಿಕಗಳು ಅಂಟಿಕೊಳ್ಳುತ್ತವೆ. ಇದ್ದಿಲಿನ ಶಕ್ತಿಯೆಲ್ಲ ಇರುವುದು ಈ ಅಂಟಿಸಿಕೊಳ್ಳುವ ಗುಣದಲ್ಲಿ. ಅದು ಜೀರ್ಣವಾಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ. ಬಾಯಿಯಿಂದ ಹೋದದ್ದು ಅಂಟಿಸಿಕೊಂಡದ್ದರ ಸಮೇತ ಮಲದಲ್ಲಿ ಹೊರಬೀಳುತ್ತದೆ.

ಆದ್ದರಿಂದ ಮನೆಯ ಒಲೆಯ ಇದ್ದಿಲನ್ನು ಕುಟ್ಟಿ, ಸೋಸಿ, ಹಾಲಿಗೋ ಹಿಟ್ಟಿಗೋ ಬೆರೆಸುವ ಪ್ರಯೋಗವನ್ನು ದಯವಿಟ್ಟು ಮಾಡಬೇಡಿ. ಅದಕ್ಕೆ ಸಕ್ರಿಯ ಇದ್ದಿಲಿನ ಗುಣ ಇರುವುದಿಲ್ಲ, ಮತ್ತು ಕಟ್ಟಿಗೆ ಅರೆಬರೆ ಸುಟ್ಟಾಗ ಹುಟ್ಟುವ ಹಾನಿಕಾರಕ ವಸ್ತುಗಳು ಅದರಲ್ಲಿ ಉಳಿದಿರಬಹುದು. ಕಬಾಬು ಸುಡಲು ಮಾರುವ ಇದ್ದಿಲಿನ ಇಟ್ಟಿಗೆಗಳಲ್ಲಿ ಹಿಡಿದಿಡುವ ಅಂಟು, ಬೇಗ ಹೊತ್ತಿಕೊಳ್ಳಲು ಸೇರಿಸಿದ ಪದಾರ್ಥಗಳು ಇರುತ್ತವೆ. ಅವಂತೂ ತಿನ್ನುವ ವಸ್ತುಗಳಲ್ಲವೇ ಅಲ್ಲ. ಕೆಂಡದ ಮೇಲೆ ತುಪ್ಪ ಬಿಟ್ಟು ಪಲ್ಯಕ್ಕೆ ಹೊಗೆಯ ಘಮ ಹಿಡಿಸುವುದು ಬೇರೆ ವಿಷಯ. ಅಲ್ಲಿ ಯಾರೂ ಇದ್ದಿಲನ್ನು ತಿನ್ನುವುದಿಲ್ಲ.

ಹೆಸರು ಬಂದದ್ದು ಆಸ್ಪತ್ರೆಯಿಂದ

‘ವಿಷ ತೆಗೆಯುತ್ತದೆ’ ಎಂಬ ಮಾತು ಹುಸಿಯಲ್ಲ. ಅದು ನಿಜವಾಗುವ ಜಾಗ ಆಸ್ಪತ್ರೆ. ಮಾತ್ರೆಗಳನ್ನು ಮಿತಿಮೀರಿ ನುಂಗಿದವರಿಗೆ, ಕೆಲವು ಬಗೆಯ ವಿಷ ಸೇವಿಸಿದವರಿಗೆ ವೈದ್ಯರು ಸಕ್ರಿಯ ಇದ್ದಿಲನ್ನು ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಅಲ್ಲಿನ ಪ್ರಮಾಣವನ್ನು ಗಮನಿಸಿ: ದೊಡ್ಡವರಿಗೆ ಸಾಮಾನ್ಯವಾಗಿ 50ರಿಂದ 100 ಗ್ರಾಂ, ಮಕ್ಕಳಿಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ. ವಿಷ ಹೊಟ್ಟೆ ಸೇರಿ ಒಂದು ಗಂಟೆಯೊಳಗೆ ಕೊಟ್ಟರೆ ಅದರ ಪ್ರಯೋಜನ ಹೆಚ್ಚು. ತಡವಾದಂತೆ ವಿಷ ರಕ್ತಕ್ಕೆ ಹೋಗಿಬಿಡುವುದರಿಂದ ಇದ್ದಿಲಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ರೋಗಿ ಮಂಪರಿನಲ್ಲಿದ್ದರೆ ಈ ಕಪ್ಪು ದ್ರವ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತು ತರಬಹುದಾದ್ದರಿಂದ, ತರಬೇತಿ ಪಡೆದವರು ಎಚ್ಚರದಿಂದ ಕೊಡಬೇಕಾದ ಚಿಕಿತ್ಸೆ ಇದು.

ಇನ್ನು ಅದು ಹಿಡಿಯದ ವಸ್ತುಗಳ ಪಟ್ಟಿಯೂ ಸಣ್ಣದಲ್ಲ. ಮದ್ಯ, ಕಬ್ಬಿಣ ಮತ್ತು ಲಿಥಿಯಂನಂತಹ ಲೋಹಗಳು, ಸೀಮೆಎಣ್ಣೆ ಮತ್ತು ಪೆಟ್ರೋಲು, ಶೌಚಾಲಯ ತೊಳೆಯುವ ಆಸಿಡ್ಡು, ಕ್ಷಾರಗಳು, ಇವುಗಳ ಮೇಲೆ ಇದ್ದಿಲು ಉಪಯೋಗಕ್ಕೆ ಬರುವುದಿಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಕೀಟನಾಶಕ, ಕಣಗಿಲೆ ಜಾತಿಯ ಬೀಜ ಮುಂತಾದವುಗಳನ್ನು ಸೇವಿಸಿ ಬಂದ 4,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇದ್ದಿಲನ್ನು ಮತ್ತೆ ಮತ್ತೆ ಕೊಟ್ಟರೂ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಗೆ ಹೊಡೆಯುವ ಎಣ್ಣೆಯ ಬಾಟಲಿಗಳು ಮನೆಯ ಮೂಲೆಯಲ್ಲೇ ಇರುವ ನಮ್ಮ ಹಳ್ಳಿಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ಯಾರಾದರೂ ವಿಷ ಸೇವಿಸಿದರೆ, ಮಗು ಸೀಮೆಎಣ್ಣೆ ಕುಡಿದರೆ, ಮನೆಯಲ್ಲಿರುವ ಇದ್ದಿಲಿನ ಕ್ಯಾಪ್ಸೂಲು ಹುಡುಕುತ್ತ ಕೂರಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಬೇಡಿ. 108ಕ್ಕೆ ಕರೆ ಮಾಡಿ, ಸೇವಿಸಿದ ವಸ್ತುವಿನ ಬಾಟಲಿ ಅಥವಾ ಪೊಟ್ಟಣವನ್ನು ಜೊತೆಗಿಟ್ಟುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಹೇಳಿಕೆಗಳನ್ನು ಒರೆಗೆ ಹಚ್ಚುವ ಬಗೆ

ಕಪ್ಪು ತಿನಿಸಿನ ಜಾಹೀರಾತಿನಲ್ಲಿ ‘ವಿಷಾಂಶ’ ಎಂಬ ಪದ ಕಂಡಾಗ ಮೂರು ಪ್ರಶ್ನೆ ಕೇಳಿ: ಯಾವ ವಿಷ, ಅದು ದೇಹದ ಯಾವ ಭಾಗದಲ್ಲಿದೆ, ಅದನ್ನು ತೆಗೆಯಲು ಎಷ್ಟು ಇದ್ದಿಲು ಬೇಕು? ಮೊದಲನೆಯದಕ್ಕೆ ಉತ್ತರವಾಗಿ ಯಾವ ವಸ್ತುವಿನ ಹೆಸರೂ ಬರುವುದಿಲ್ಲ. ಎರಡನೆಯದಕ್ಕೆ ಬಂದರೆ, ಇದ್ದಿಲು ಕರುಳನ್ನು ದಾಟಿ ಎಲ್ಲಿಗೂ ಹೋಗುವುದಿಲ್ಲ. ರಕ್ತದಲ್ಲಿ ಹುಟ್ಟುವ, ಸೇರುವ ಬೇಡದ ವಸ್ತುಗಳನ್ನು ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಿರುತ್ತವೆ. ಅವು ಕೆಟ್ಟರೆ ಬೇಕಾದದ್ದು ವೈದ್ಯರು, ಐಸ್‌ಕ್ರೀಮಿನಿಂದ ಅದು ಸರಿಹೋಗದು. ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆಸ್ಪತ್ರೆಯಲ್ಲಿ ಕೊಡುವ 50 ಗ್ರಾಂ ಎಲ್ಲಿ, ಒಂದು ಕಪ್ ಐಸ್‌ಕ್ರೀಮನ್ನು ಕಪ್ಪಾಗಿಸಲು ಬೇಕಾಗುವ ಚಿಟಿಕೆ ಪುಡಿ ಎಲ್ಲಿ? ಇನ್ನೊಂದು ಸಂಗತಿಯನ್ನು ಜನ ಗಮನಿಸುವುದೇ ಇಲ್ಲ. ಹಾಲು, ಕೊಬ್ಬು, ಸಕ್ಕರೆಯೊಂದಿಗೆ ಮೊದಲೇ ಕಲಸಿಟ್ಟ ಇದ್ದಿಲಿನ ಮೈಗೆ ಆ ಪದಾರ್ಥಗಳೇ ಅಂಟಿಕೊಂಡು ಅದರ ಹಿಡಿಯುವ ಶಕ್ತಿ ತಗ್ಗಿರುತ್ತದೆ. ವಿಷದ ಚಿಕಿತ್ಸೆಯಲ್ಲಿ ಇದ್ದಿಲಿನ ರುಚಿ ಸಹಿಸಲು ಐಸ್‌ಕ್ರೀಮು ಬೆರೆಸುವುದನ್ನು ವೈದ್ಯರು ಒಪ್ಪದಿರುವುದಕ್ಕೆ ಇದೇ ಕಾರಣ.

ಒಂದೊಂದು ಹೇಳಿಕೆಯನ್ನೂ ಹೀಗೆಯೇ ನೋಡಬಹುದು. ಕುಡಿದ ಮರುದಿನದ ತಲೆನೋವಿಗೆ ಇದ್ದಿಲು ಒಳ್ಳೆಯದು ಎನ್ನುವುದು ಸುಳ್ಳು, ಏಕೆಂದರೆ ಮದ್ಯ ಅದಕ್ಕೆ ಅಂಟುವುದಿಲ್ಲ. ಕೊಲೆಸ್ಟರಾಲು ಇಳಿಯುತ್ತದೆ ಎಂಬ ಮಾತಿನ ಹಿಂದೆ 1986ರ ಒಂದು ಪುಟ್ಟ ಅಧ್ಯಯನವಿದೆ. ಅದರಲ್ಲಿದ್ದವರು ಏಳು ರೋಗಿಗಳು, ಅವರು ತೆಗೆದುಕೊಂಡದ್ದು ದಿನಕ್ಕೆ 24 ಗ್ರಾಂ. ಆ ಬಳಿಕ ನಡೆದ ಪ್ರಯತ್ನಗಳೆಲ್ಲ ಒಂದೇ ಫಲ ಕೊಡಲಿಲ್ಲ. ಮೂತ್ರಪಿಂಡದ ಕಾಯಿಲೆಗೆ ಜಪಾನಿನಲ್ಲಿ 1991ರಿಂದ ಒಂದು ಬಗೆಯ ಇಂಗಾಲದ ಗುಂಡುಗಳನ್ನು ವೈದ್ಯರು ಬರೆಯುತ್ತಿದ್ದಾರೆ. ಆದರೆ ಹಲವು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ, ರೂಢಿಯ ಚಿಕಿತ್ಸೆಗೆ ಅದನ್ನು ಸೇರಿಸಿದ್ದರಿಂದ ಲಾಭ ಕಂಡುಬರಲಿಲ್ಲ.

ಅರ್ಧದಷ್ಟಾದರೂ ಆಧಾರವಿರುವ ಹೇಳಿಕೆ ಒಂದೇ, ಅದು ಹೊಟ್ಟೆಯುಬ್ಬರದ್ದು. ಊಟದ ನಂತರದ ಗ್ಯಾಸ್ ಕಡಿಮೆ ಮಾಡುತ್ತದೆ ಎಂದು ಬರೆದುಕೊಳ್ಳಲು ಐರೋಪ್ಯ ಒಕ್ಕೂಟ 2012ರ ತನ್ನ ನಿಯಮದಲ್ಲಿ ಅನುಮತಿ ಕೊಟ್ಟಿದೆ. ಆದರೆ ಊಟಕ್ಕೆ ಕನಿಷ್ಠ 30 ನಿಮಿಷ ಮೊದಲು 1 ಗ್ರಾಂ, ಊಟವಾದ ಕೂಡಲೇ ಇನ್ನೊಂದು ಗ್ರಾಂ ತೆಗೆದುಕೊಂಡರೆ ಮಾತ್ರ ಎಂಬ ಷರತ್ತು ಅದರಲ್ಲಿದೆ. ನಮ್ಮ ಅಂಗಡಿಗಳಲ್ಲಿ ಎಷ್ಟೋ ವರ್ಷಗಳಿಂದ ಮಾರಾಟವಾಗುತ್ತಿರುವ ಕಪ್ಪು ಬಣ್ಣದ ಜೀರ್ಣದ ಗುಳಿಗೆಗಳಲ್ಲಿಯೂ ಪಪಾಯಿಯ ಕಿಣ್ವ ಮತ್ತು ಇನ್ನೊಂದು ಕಿಣ್ವದ ಜೊತೆ ಸ್ವಲ್ಪ ಸಕ್ರಿಯ ಇದ್ದಿಲು ಇರುತ್ತದೆ. ಮದುವೆ ಮನೆಯಲ್ಲಿ ಹೋಳಿಗೆ ಹೆಚ್ಚಾಗಿ ಒಂದು ಗುಳಿಗೆ ನುಂಗಿದವರು ಗಾಬರಿಯಾಗಬೇಕಿಲ್ಲ. ಅದನ್ನು ತಿಂಗಳುಗಟ್ಟಲೆ ದಿನವೂ ನುಂಗುತ್ತಿರುವವರು ಮಾತ್ರ, ಹೊಟ್ಟೆ ಏಕೆ ದಿನವೂ ಉಬ್ಬುತ್ತದೆ ಎಂದು ವೈದ್ಯರಲ್ಲಿ ತೋರಿಸಿಕೊಳ್ಳುವುದು ಒಳ್ಳೆಯದು.

ಹಲ್ಲಿನ ವಿಷಯದಲ್ಲಿ ನಮ್ಮ ಹಿರಿಯರ ರೂಢಿಯನ್ನು ಉದಾಹರಿಸುವವರಿದ್ದಾರೆ. ಇದ್ದಿಲು, ಉಪ್ಪು, ಕುಳ್ಳಿನ ಬೂದಿಯಿಂದ ಹಲ್ಲುಜ್ಜಿದವರು ನಮ್ಮ ಮನೆಗಳಲ್ಲೂ ಇದ್ದರು. ಆ ಪುಡಿಗಳು ಹಲ್ಲಿನ ಮೇಲಿನ ಕೊಳೆಯನ್ನು ಉಜ್ಜಿ ತೆಗೆಯುತ್ತಿದ್ದುದು ನಿಜ. ಹಾಗೆ ಉಜ್ಜುವಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲೂ ಸವೆಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಯುವಕರು ಹಲ್ಲಿನ ಕಂದು ಕಲೆ ಹೋಗಲೆಂದು ಇದ್ದಿಲಿನ ಪೇಸ್ಟು ಕೇಳಿಕೊಂಡು ಬಂದಾಗ ನನಗೆ ನೋವಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ, ಚಿಕ್ಕಂದಿನಲ್ಲಿ ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್ಲಿನ ಒಳಗೆ ಬಿದ್ದ ಕಲೆ ಅದು. ಮೇಲಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಹಲ್ಲು ತೆಳುವಾಗುತ್ತದೆ ಅಷ್ಟೆ. ಅಂಥವರು ದಂತವೈದ್ಯರಲ್ಲಿಗೇ ಹೋಗಬೇಕು. ಇನ್ನೊಂದು ಎಚ್ಚರಿಕೆ: ಹಲ್ಲಿಗೆ ತಿಕ್ಕುವ ಮಿಶ್ರಿ ಕೂಡ ಕಪ್ಪು ಪುಡಿಯೇ, ಆದರೆ ಅದು ಹುರಿದ ತಂಬಾಕು; ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುವಂಥದ್ದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮಾತ್ರೆ ನುಂಗುವವರಿದ್ದ ಮನೆಯಲ್ಲಿ

ಇದನ್ನು ಬರೆಯಲು ಕೂತದ್ದೇ ಈ ಭಾಗಕ್ಕಾಗಿ. ಇದ್ದಿಲಿಗೆ ವಿಷ ಯಾವುದು, ಔಷಧ ಯಾವುದು ಎಂಬ ಭೇದ ಗೊತ್ತಿಲ್ಲ. ಮಿತಿಮೀರಿ ನುಂಗಿದ ಮಾತ್ರೆಯನ್ನು ಅದು ಯಾವ ಗುಣದಿಂದ ಹಿಡಿದುಕೊಳ್ಳುತ್ತದೆಯೋ, ವೈದ್ಯರು ಅಳೆದು ಬರೆದ ಮಾತ್ರೆಯನ್ನೂ ಅದೇ ಗುಣದಿಂದ ಹಿಡಿದುಕೊಳ್ಳುತ್ತದೆ. ಪ್ಯಾರಸಿಟಮಾಲ್, ಆಸ್ಪಿರಿನ್, ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್, ದಮ್ಮಿಗೆ ಕೊಡುವ ಥಿಯೋಫಿಲಿನ್, ಫಿಟ್ಸ್ ತಡೆಯುವ ಕಾರ್ಬಮಜಪೀನ್, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್, ಖಿನ್ನತೆಗೆ ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಇವೆಲ್ಲ ಇದ್ದಿಲಿಗೆ ಅಂಟುತ್ತವೆ. ಗರ್ಭನಿರೋಧಕ ಮಾತ್ರೆ ನುಂಗುವವರೂ ಎಚ್ಚರ ವಹಿಸಬೇಕು. ಒಂದು ಚಿಟಿಕೆ ಇದ್ದಿಲಿನ ಐಸ್‌ಕ್ರೀಮಿನಿಂದ ದೊಡ್ಡ ಅನಾಹುತ ಆಗುವ ಸಾಧ್ಯತೆ ಕಡಿಮೆ. ದಿನವೂ ನುಂಗುವ ಕ್ಯಾಪ್ಸೂಲಿನ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಮಾತ್ರೆಗೂ ಇದ್ದಿಲಿಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಕೆಲವು ಔಷಧಗಳಿಗೆ ಈ ಅಂತರವೂ ಸಾಲದು, ಏಕೆಂಬುದನ್ನು ತಿಳಿದುಕೊಳ್ಳಬೇಕು. ಕಾರ್ಬಮಜಪೀನ್, ಫಿನೋಬಾರ್ಬಿಟೋನ್, ಥಿಯೋಫಿಲಿನ್‌ನಂತಹ ಔಷಧಗಳು ಒಮ್ಮೆ ರಕ್ತ ಸೇರಿದ ಮೇಲೂ ಕರುಳಿಗೆ ಮರಳಿ ಸ್ರವಿಸಿ, ಅಲ್ಲಿಂದ ಮತ್ತೆ ರಕ್ತಕ್ಕೆ ಹೋಗುತ್ತಿರುತ್ತವೆ. ಕರುಳಿನಲ್ಲಿ ಇದ್ದಿಲು ಕಾದಿದ್ದರೆ ಆ ಮರಳಿ ಬಂದ ಔಷಧವನ್ನೂ ಹಿಡಿದುಕೊಳ್ಳುತ್ತದೆ, ರಕ್ತದಲ್ಲಿನ ಅದರ ಮಟ್ಟ ಇಳಿಯುತ್ತ ಹೋಗುತ್ತದೆ. ಈ ಔಷಧಗಳು ಮಿತಿಮೀರಿದ ರೋಗಿಗಳಿಗೆ ಆಸ್ಪತ್ರೆಯಲ್ಲಿ ಇದ್ದಿಲನ್ನು ಹಲವು ಸಲ ಕೊಡುವುದು ಇದನ್ನೇ ನೆಚ್ಚಿಕೊಂಡು. ನಮ್ಮ ಅಂಗಡಿಗೆ ಬಂದ ಆ ಹುಡುಗಿಯ ತಾಯಿಗೆ ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಕ್ಯಾಪ್ಸೂಲು ಎಂದು ಹೊತ್ತು ಬೇರೆ ಮಾಡಿ ಕೊಟ್ಟಿದ್ದರೂ, ಕೆಲವು ದಿನಗಳಲ್ಲಿ ಔಷಧದ ಮಟ್ಟ ಕುಸಿದು ಫಿಟ್ಸ್ ಮರುಕಳಿಸಬಹುದಿತ್ತು. ಅದು ಒಲೆಯ ಮುಂದೆ ಕೂತಾಗ ಬಂದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಮನೆಯಲ್ಲಿ ಯಾರು ಯಾವ ಮಾತ್ರೆ ಯಾವ ಹೊತ್ತಿಗೆ ನುಂಗುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಫಿಟ್ಸ್, ಹೃದಯ, ಥೈರಾಯ್ಡ್, ಮಾನಸಿಕ ಆರೋಗ್ಯ, ಅಂಗ ಕಸಿ, ಇವುಗಳಲ್ಲಿ ಯಾವುದಕ್ಕಾದರೂ ಮಾತ್ರೆ ನುಂಗುವವರಿದ್ದರೆ ಇದ್ದಿಲಿನ ಕ್ಯಾಪ್ಸೂಲನ್ನು ಮನೆಯೊಳಗೆ ತರಲೇಬೇಡಿ. ಶುಗರ್, ಬಿಪಿ ಮಾತ್ರೆಯವರು ಕೊಳ್ಳುವ ಮೊದಲು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ. ಕೇಳುವಾಗ ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ, ಬಣ್ಣ ಹೇಳಿದರೆ ನಮಗೆ ಗುರುತು ಹತ್ತುವುದಿಲ್ಲ. ಈಗಾಗಲೇ ಕೆಲವು ದಿನಗಳಿಂದ ಕ್ಯಾಪ್ಸೂಲು ನುಂಗುತ್ತಿದ್ದರೆ ಅದನ್ನು ನಿಲ್ಲಿಸಿ, ವೈದ್ಯರಿಗೆ ವಿಷಯವನ್ನು ಮುಚ್ಚಿಡದೆ ತಿಳಿಸಿ. ‘ಅದು ಔಷಧವಲ್ಲ, ಬರೀ ಇದ್ದಿಲು’ ಎಂದುಕೊಂಡು ಹೇಳದೆ ಉಳಿಯುವವರೇ ಹೆಚ್ಚು. ಹೋದ ಮಾತ್ರೆಗೆ ಪರಿಹಾರವೆಂದು ಒಂದರ ಬದಲು ಎರಡು ಮಾತ್ರೆ ನುಂಗುವುದೂ ತಪ್ಪು; ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಮನೆಯಲ್ಲಿ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಇದ್ದಿಲು ತಿಂದವರ ಮಲ ಕಪ್ಪಾಗುತ್ತದೆ, ಅಷ್ಟರಿಂದ ಭಯವಿಲ್ಲ. ಆದರೆ ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತಿದ್ದರೂ ಮಲ ಕಪ್ಪಾಗುತ್ತದೆ. ಆ ಸೂಚನೆಯನ್ನು ಇದ್ದಿಲು ಮುಚ್ಚಿಹಾಕಬಹುದು. ಡಾಂಬರಿನಂತೆ ಅಂಟಾದ, ತೀರಾ ಕೆಟ್ಟ ವಾಸನೆಯ ಕಪ್ಪು ಮಲ, ಅದರ ಜೊತೆ ತಲೆಸುತ್ತು ಅಥವಾ ಹೊಟ್ಟೆನೋವು ಕಂಡರೆ ‘ನಿನ್ನೆ ಕಪ್ಪು ಬರ್ಗರ್ ತಿಂದಿದ್ದೆ’ ಎಂದು ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆ ನುಂಗುವ ಬಸುರಿಯರಿಗೂ ಮಲ ಕಪ್ಪಾಗುವುದು ಸಹಜ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಲಬದ್ಧತೆಯಿಂದ ಬಳಲುವ ವಯಸ್ಸಾದವರಿಗೆ, ಕರುಳಿನ ಶಸ್ತ್ರಚಿಕಿತ್ಸೆ ಆದವರಿಗೆ, ಚಿಕ್ಕ ಮಕ್ಕಳಿಗೆ ಇದ್ದಿಲಿನ ಪುಡಿ ಬೇಡ. ಅದು ಕರುಳಿನಲ್ಲಿ ಗಟ್ಟಿಯಾಗಿ ನಿಂತು ತೊಂದರೆ ಕೊಡಬಹುದು.

ಅಂಗಡಿಯಲ್ಲಿ ಕೇಳಬೇಕಾದ ಮಾತು

ಕಪ್ಪು ತಿನಿಸು ಮುಂದೆ ಬಂದಾಗ ಮೊದಲ ಪ್ರಶ್ನೆ ‘ಈ ಕಪ್ಪು ಯಾವುದರಿಂದ ಬಂತು?’ ಎಂಬುದಾಗಿರಲಿ. ಕೆಲವು ಕಡೆ ಅದು ಸಕ್ರಿಯ ಇದ್ದಿಲು, ಕೆಲವು ಕಡೆ ಕಡು ಬಣ್ಣದ ಕೋಕೋ ಪುಡಿ, ಕೆಲವು ಕಡೆ ಕರಿ ಎಳ್ಳು, ಇನ್ನು ಕೆಲವು ಕಡೆ ಬರೀ ಕೃತಕ ಬಣ್ಣ. ಜಪಾನಿನಲ್ಲಿ 2012ರಲ್ಲಿ ಬಂದು ಜಗತ್ತಿನ ಗಮನ ಸೆಳೆದ ಕಪ್ಪು ಬರ್ಗರಿಗೆ ಬಿದಿರಿನ ಇದ್ದಿಲು ಬೆರೆಸಿದ್ದರು. ಐರೋಪ್ಯ ಒಕ್ಕೂಟದಲ್ಲಿ ಸಸ್ಯಮೂಲದ ಇಂಗಾಲಕ್ಕೆ ಆಹಾರದ ಬಣ್ಣವಾಗಿ ಇ153 ಎಂಬ ಸಂಖ್ಯೆಯಡಿ ಒಪ್ಪಿಗೆಯಿದೆ. ಅಮೆರಿಕದಲ್ಲಿ ಒಪ್ಪಿಗೆ ಇಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಉಪಾಹಾರ ಗೃಹಗಳು ಸಕ್ರಿಯ ಇದ್ದಿಲು ಬೆರೆಸುವುದನ್ನು ತಡೆಯಿತು. ಬಣ್ಣವೆಂದು ಒಪ್ಪಿದ ದೇಶದಲ್ಲಿಯೂ ಅದನ್ನು ಬಣ್ಣವೆಂದೇ ಒಪ್ಪಿದ್ದಾರೆ, ಆರೋಗ್ಯದ ವಸ್ತುವೆಂದಲ್ಲ.

ಪೊಟ್ಟಣದಲ್ಲಿ ಬರುವ ತಿನಿಸಾದರೆ ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಗಾಡಿಯ ಮೇಲೆ, ಸಣ್ಣ ಅಂಗಡಿಯಲ್ಲಿ ಕೊಳ್ಳುವುದಾದರೆ ಬಾಯಿಬಿಟ್ಟು ಕೇಳಿ. ಉತ್ತರ ಹೇಳಲು ಹಿಂದೆ ಮುಂದೆ ನೋಡಿದರೆ ಮಗುವಿಗೆ ಅದನ್ನು ಕೊಡಿಸಬೇಡಿ. ಬಣ್ಣದ ವಿಷಯದಲ್ಲಿ ನಮ್ಮ ರಾಜ್ಯ ಪಾಠ ಕಲಿತು ಬಹಳ ದಿನವಾಗಿಲ್ಲ. ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ ಸಿಕ್ಕ ಮೇಲೆ 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಿತು. ಕೆಂಪು ಕಂಡರೆ ಅನುಮಾನಿಸಲು ಕಲಿತ ನಾವು ಕಪ್ಪು ಕಂಡಾಗ ಆರೋಗ್ಯವೆಂದು ನಂಬುವುದಕ್ಕೆ ಕಾರಣವಿಲ್ಲ. ಹಾವೇರಿ ಜಿಲ್ಲೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಕಡುಗೆಂಪಿನಿಂದ, ಖಾರ ಅದರಲ್ಲಿ ಕಡಿಮೆ. ಬಣ್ಣ ಕೊಡುವ ವಸ್ತು ಬೇರೆ, ಖಾರ ಕೊಡುವ ವಸ್ತು ಬೇರೆ ಎಂಬುದು ಅಲ್ಲಿನ ಪೇಟೆಗೆ ಬಂದುಹೋಗುವ ಪ್ರತಿಯೊಬ್ಬ ರೈತನಿಗೂ ಗೊತ್ತು.

ಮಾತ್ರೆ ನುಂಗದ, ಆರೋಗ್ಯವಾಗಿರುವ ದೊಡ್ಡವರು ಎಂದೋ ಒಮ್ಮೆ ಒಂದು ಕಪ್ ಕಪ್ಪು ಐಸ್‌ಕ್ರೀಮು ತಿಂದರೆ ನಾನು ಬೇಡವೆನ್ನುವುದಿಲ್ಲ. ಐಸ್‌ಕ್ರೀಮು ಎಂದು ತಿನ್ನಲಿ. ಅದರ ಸಕ್ಕರೆ, ಕೊಬ್ಬು ಎಲ್ಲ ಹಾಗೆಯೇ ಇರುತ್ತವೆ. ಹಣ್ಣಿನ ರಸಕ್ಕೆ ಇದ್ದಿಲು ಬೆರೆಸಿದ್ದನ್ನು ಮಾತ್ರ ದುಡ್ಡು ಕೊಟ್ಟು ಕುಡಿಯಬೇಡಿ. ಹಣ್ಣಿನ ಒಳ್ಳೆಯ ಅಂಶಗಳಲ್ಲಿ ಕೆಲವನ್ನು ಇದ್ದಿಲೇ ಹಿಡಿದುಕೊಳ್ಳಬಹುದು.

ಇದ್ದಿಲು ನಿಜವಾಗಿ ಬೇಕಾದ ಜಾಗ

ಮನೆಯಲ್ಲಿ ಸಕ್ರಿಯ ಇದ್ದಿಲಿಗೆ ಒಂದು ಒಳ್ಳೆಯ ಕೆಲಸವಿದೆ, ಅದು ನೀರಿನ ಫಿಲ್ಟರಿನೊಳಗೆ. ಮಲಪ್ರಭೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬರುವ ನಳದ ನೀರಿನ ಕ್ಲೋರಿನ್ ವಾಸನೆಯನ್ನು ಅದು ಚೆನ್ನಾಗಿ ತೆಗೆಯುತ್ತದೆ. ಆದರೆ ಕ್ಲೋರಿನ್ ಹೋದ ಮೇಲೆ ಆ ಇದ್ದಿಲಿನ ಪದರದಲ್ಲೇ ಸೂಕ್ಷ್ಮಜೀವಿಗಳು ಬೆಳೆಯಬಹುದಾದ್ದರಿಂದ, ಕಂಪನಿ ಹೇಳಿದ ಅವಧಿಗೆ ಸರಿಯಾಗಿ ಅದನ್ನು ಬದಲಿಸಲೇಬೇಕು. ಗದಗ ಕಡೆಯ ಬೋರ್‌ವೆಲ್ ನೀರಿನವರು ಇನ್ನೊಂದನ್ನು ತಿಳಿದಿರಬೇಕು: ಸಾಮಾನ್ಯ ಇದ್ದಿಲಿನ ಫಿಲ್ಟರು ಫ್ಲೋರೈಡನ್ನಾಗಲಿ ನೀರಿನ ಗಡಸುತನವನ್ನಾಗಲಿ ತೆಗೆಯುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂ ಮೇರೆ ಎಂಬುದು ನಮ್ಮ ದೇಶದ ಮಾನಕ. ಅದಕ್ಕೆ ಆರ್‌ಒ ಅಥವಾ ಅಲ್ಯೂಮಿನಾದ ಫಿಲ್ಟರು ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದ್ದರೆ ಅಡುಗೆಗೂ ಅದೇ ನೀರನ್ನು ಬಳಸುವುದು ಒಳ್ಳೆಯದು.

ಕಪ್ಪು ಬಣ್ಣವೇ ಬೇಕೆಂದರೆ

ತಟ್ಟೆಯಲ್ಲಿ ಕಪ್ಪು ಬಣ್ಣ ಬೇಕೆನ್ನುವ ಮಕ್ಕಳಿಗೆ ಗುರೆಳ್ಳಿನ ಚಟ್ನಿ ಪುಡಿ ಮಾಡಿಕೊಡಿ. ಅದರ ಕಪ್ಪು ಕಾಳಿನ ಸಿಪ್ಪೆಯದ್ದು, ಒಳಗಿರುವುದು ಎಣ್ಣೆ ಮತ್ತು ಪ್ರೋಟೀನು. ಒಂದು ಬಟ್ಟಲು ಗುರೆಳ್ಳನ್ನು ಆರಿಸಿ, ಮಣ್ಣು ಹೋಗುವಂತೆ ಕೇರಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಸಿಡಿಯುವವರೆಗೆ ಕೈಬಿಡದೆ ಹುರಿಯಿರಿ. ಮೊದಲೇ ಕಪ್ಪಾಗಿರುವ ಕಾಳಾದ್ದರಿಂದ ಹೊತ್ತಿದ್ದು ಕಣ್ಣಿಗೆ ತಿಳಿಯುವುದಿಲ್ಲ, ಮೂಗಿನಿಂದಲೇ ತಿಳಿಯಬೇಕು. ಘಮ ಬಂದ ಕೂಡಲೇ ಇಳಿಸಿ, ಇಲ್ಲವಾದರೆ ಕಹಿಯಾಗುತ್ತದೆ. ಆರೇಳು ಬ್ಯಾಡಗಿ ಮೆಣಸಿನಕಾಯಿ ಮತ್ತು ಒಂದು ಹಿಡಿ ಕರಿಬೇವನ್ನು ಎರಡು ಹನಿ ಎಣ್ಣೆಯಲ್ಲಿ ಗರಿಗರಿಯಾಗಿಸಿ. ಎಲ್ಲವೂ ಪೂರ್ತಿ ತಣ್ಣಗಾದ ಮೇಲೆ ಒಂದು ಚಮಚ ಜೀರಿಗೆ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಚೂರು ಒಣ ಹುಣಸೆಹಣ್ಣು, ಚೂರು ಬೆಲ್ಲ, ರುಚಿಗೆ ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿ. ಮಿಕ್ಸರ್ ಆದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜೋಳದ ರೊಟ್ಟಿಯ ಮೇಲೆ ಈ ಪುಡಿಯನ್ನು ಹಾಕಿಕೊಂಡು ಕುಸುಬೆ ಎಣ್ಣೆ ಅಥವಾ ಗಟ್ಟಿ ಮೊಸರಿನೊಂದಿಗೆ ಕಲಸಿಕೊಳ್ಳಬಹುದು, ಬದನೆಕಾಯಿ ಎಣ್ಣೆಗಾಯಿಯ ಒಳಗೂ ತುಂಬಬಹುದು. ಗಾಜಿನ ಒಣ ಡಬ್ಬಿಯಲ್ಲಿಟ್ಟು ಒದ್ದೆ ಚಮಚ ಹಾಕದಿದ್ದರೆ ಎರಡು ಮೂರು ವಾರ ಕೆಡದೆ ಉಳಿಯುತ್ತದೆ. ಆ ತಾಯಿಗೆ ಏನು ಮಾಡಿಕೊಡಲಿ ಎಂದು ಹುಡುಗಿ ಕೊನೆಗೆ ಕೇಳಿದಾಗ ನಾನು ಚೀಟಿಯ ಹಿಂದೆ ಬರೆದುಕೊಟ್ಟದ್ದು ಇದೇ ಅಳತೆಯನ್ನು.